ಹೊಳೆಯಪ್ಪನ ವಂಶವೃಕ್ಷ

1999ರಲ್ಲಿ ನಾನು ಭದ್ರಾವತಿ ಸೀಮೆಯ ಒಂದು ಹೋಬಳಿಯಲ್ಲಿ ಕಂದಾಯ ನಿರೀಕ್ಷಕನಾಗಿದ್ದೆ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಪಾರಿತೋಷಕ ಗೆದ್ದವನು. ದಾಖಲೆಯಿಲ್ಲದ ಮಾತು ವಾದವೇ ಅಲ್ಲ ಎಂಬುದು ನನ್ನ ದೃಢ ನಂಬಿಕೆ.

ನನ್ನ ವ್ಯಾಪ್ತಿಯಲ್ಲಿ ಭದ್ರಾ ನದಿಯ ಪುಟ್ಟ ನಡುಗಡ್ಡೆಯೊಂದಿತ್ತು. ಅಲ್ಲಿ ಮೀನು ಹಿಡಿಯುವ ಬೆಸ್ತರ ಹನ್ನೊಂದು ಮನೆಗಳು. ಅಲ್ಲಿನ ನಾಗವೇಣಿಗೆ ಶಿವಮೊಗ್ಗದಲ್ಲಿ ಶಿಕ್ಷಕರ ತರಬೇತಿಗೆ ಮೀಸಲು ಸೀಟು ದೊರೆತಿತ್ತು. ಸೋಮವಾರದೊಳಗೆ ಜಾತಿ ಪ್ರಮಾಣಪತ್ರ ಕೊಡದಿದ್ದರೆ ಸೀಟು ಕೈತಪ್ಪುತ್ತಿತ್ತು. ಅದಕ್ಕೆ ವಂಶವೃಕ್ಷ, ಅಂದರೆ ತಲೆಮಾರುಗಳ ಸಂಬಂಧ ತೋರಿಸುವ ಪಟ್ಟಿ ಬೇಕಿತ್ತು.

ತೊಡಕಿದ್ದುದು ಅಲ್ಲೇ. ಪುರಾವೆಗೆಂದು ಕೊಟ್ಟ ಅವಳ ದೊಡ್ಡಪ್ಪನ ಹಳೆಯ ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ‘ಭದ್ರಪ್ಪ’. ಅವಳ ತಂದೆಯ ಮರಣ ದಾಖಲೆಯಲ್ಲಿ ‘ಹೊಳೆಯಪ್ಪ’. ಅಣ್ಣತಮ್ಮಂದಿರಿಗೆ ಇಬ್ಬರು ತಂದೆಯರೇ? ದೊಡ್ಡಪ್ಪ ಬದುಕಿರಲಿಲ್ಲ. ಅಜ್ಜ ತೀರಿದ ಮೇಲೆ ಹುಟ್ಟಿದ ನಾಗವೇಣಿಗೆ ಅವ್ವ ಹೇಳಿದ ಹೆಸರಷ್ಟೇ ಗೊತ್ತು. ಅವ್ವ ಗಂಗಮ್ಮನನ್ನು ಕಚೇರಿಗೆ ಕರೆಸಿ ಕೇಳಿದೆ. “ಹೊಳೆಯಪ್ಪ ಅಂತ್ಲೇ ಬರ್ಕಳಿ ಸಾರ್” ಎಂದು ತಲೆ ತಗ್ಗಿಸಿದರು. ‘ಸಂಬಂಧ ಸಾಬೀತಾಗಿಲ್ಲ’ ಎಂದು ಷರಾ ಬರೆದೆ.

ಆ ಶುಕ್ರವಾರ ಸಭೆ ಮುಗಿಸಿ ಶಿವಮೊಗ್ಗದಿಂದ ಬಸ್ಸಿನಲ್ಲಿ ಹಿಂತಿರುಗುತ್ತಿದ್ದೆ. ಮುಂದಿನ ಸೀಟಿನಲ್ಲಿ ಗಂಗಮ್ಮ ಇದ್ದರು. ಗಡುವು ಮುಂದೂಡಿರೆಂದು ತರಬೇತಿ ಕಾಲೇಜಿನವರನ್ನು ಬೇಡಿ ಬರಿಗೈಯಲ್ಲಿ ಮರಳುತ್ತಿದ್ದರೆಂದು ಆಮೇಲೆ ತಿಳಿಯಿತು. ಮಲವಗೊಪ್ಪದ ಹತ್ತಿರ ಕಂಡಕ್ಟರ್ ಬಂದ.

“ಎಲ್ಲಿಗಮ್ಮ?”

“ಬೆಂಕೀಪುರಕ್ಕೆ ಒಂದು.”

“ಮಾರಾಯ್ತಿ, ನಮ್ಮ ತಾತನ ಕಾಲದ ಹೆಸರು ಹೇಳ್ತೀಯಲ್ಲ! ಭದ್ರಾವತಿ ಅನ್ನು, ಟಿಕೆಟ್ ಕೊಡ್ತೀನಿ.”

ಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪಕ್ಕದಲ್ಲಿದ್ದ ಹೆಂಗಸು ನಕ್ಕಳು: “ಮಾವನ ಹೆಸರು ಇರ್ಬೇಕು, ಬಿಡಪ್ಪ. ಸೊಸೆ ಬಾಯಲ್ಲಿ ಹ್ಯಾಗೆ ಬರುತ್ತೆ?”

ನಾನು ಎದ್ದು ನಿಂತೇಬಿಟ್ಟೆ! ಮಾವನ ಹೆಸರು ಹೇಳಬಾರದೆಂದು ಈ ಸೊಸೆ ಊರಿನ ಹೆಸರನ್ನೇ ಬಿಟ್ಟಿದ್ದರು. ಭದ್ರಾ ನದಿ ಅವರಿಗೆ ಬರೀ ಹೊಳೆ; ಹಾಗೆಯೇ ಭದ್ರಪ್ಪ ಹೊಳೆಯಪ್ಪನಾಗಿದ್ದ. ಮರಣ ದಾಖಲೆಗೆ ಗಂಡನ ಹೆಸರು ಪಡಿತರ ಚೀಟಿಯಿಂದ ಬಂದಿತ್ತು. ಮಾವನ ಹೆಸರು ಮಾತ್ರ ಇವರ ಬಾಯಿಂದ.

ಶನಿವಾರ ಬೆಳಿಗ್ಗೆಯೇ ಹರಿಗೋಲು ಹತ್ತಿ ನಡುಗಡ್ಡೆಗೆ ಹೋದೆ. ಬಲೆ ಒಣಹಾಕುತ್ತಿದ್ದ ಹಿರಿಯರೊಬ್ಬರನ್ನು ಕೇಳಿದ್ದೇ ತಡ, “ಇಬ್ರಲ್ಲ ಸಾರ್, ಒಬ್ನೇ ಭದ್ರಣ್ಣ! ಸೊಸೇರಿಗೆ ಮಾತ್ರ ಹೊಳೆಯಪ್ಪ. ನಮ್ಮನ್ನ ಕೇಳೋದು ಬಿಟ್ಟು ಆಯಮ್ಮನ್ನ ಕೇಳಿದ್ರೆ ಇನ್ನೇನಾಗುತ್ತೆ?” ಎಂದರು. ಹನ್ನೊಂದೂ ಮನೆಯವರು ಸ್ಥಳ ವಿಚಾರಣೆಯ ಮಹಜರಿಗೆ ಸಹಿ, ಹೆಬ್ಬೆಟ್ಟು ಹಾಕಿದರು.

ಗಂಗಮ್ಮನ ಹೇಳಿಕೆಯೊಂದು ಉಳಿದಿತ್ತು. ನನ್ನೊಳಗಿನ ಸುಧಾರಕ ಸುಮ್ಮನಿರಲಿಲ್ಲ. ಸ್ತ್ರೀಸಮಾನತೆಯ ಪರವಾಗಿ ಐದು ನಿಮಿಷ ನಿರರ್ಗಳವಾಗಿ ಮಾತನಾಡಿ, ಮಗಳ ಭವಿಷ್ಯಕ್ಕಾಗಿ ಒಂದೇ ಒಂದು ಸಲ ಹೆಸರು ಹೇಳಿರೆಂದೆ.

“ಚೆನ್ನಾಗಿ ಮಾತಾಡ್ತೀರ ಸಾರ್” ಎಂದರು ಗಂಗಮ್ಮ. “ಅದನ್ನೂ ನೀವೇ ಹೇಳ್ಬಿಡಿ. ನಾನು ಹೂಂ ಅಂತೀನಿ.”

ನಾಗವೇಣಿ ಕಿಸಕ್ಕನೆ ನಕ್ಕಳು. ನಾನು ‘ಭದ್ರಪ್ಪ’ ಎಂದು ಓದಿದೆ. ಗಂಗಮ್ಮ ಹೂಂ ಎಂದರು. ಹೆಸರನ್ನು ಯಾರ ಬಾಯಿಂದ ಕೇಳಬೇಕೆಂದು ಯಾವ ನಿಯಮದಲ್ಲಿಯೂ ಬರೆದಿರಲಿಲ್ಲ.

ಸೋಮವಾರ ಮಧ್ಯಾಹ್ನ ಪ್ರಮಾಣಪತ್ರ ನಾಗವೇಣಿಯ ಕೈಸೇರಿತು. ಸಂಜೆಯೊಳಗೆ ಪ್ರವೇಶವೂ ಆಯಿತು.

ಉತ್ತರ ತಪ್ಪೆಂದು ಷರಾ ಬರೆಯುವ ಮುನ್ನ ನನ್ನ ಪ್ರಶ್ನೆ ಸರಿಯಿದೆಯೇ ಎಂದು ನೋಡಬೇಕಿತ್ತು. ನಿವೃತ್ತನಾಗುವವರೆಗೂ ವಂಶವೃಕ್ಷದ ಪ್ರತಿಯೊಂದು ವಿಚಾರಣೆಯಲ್ಲಿ, ಹೆಸರು ಕೇಳಿದ ಮೇಲೆ, ಇನ್ನೂ ಒಂದು ಮಾತು ಕೇಳುತ್ತಿದ್ದೆ: “ಮನೇಲಿ ಅವರನ್ನ ಏನಂತ ಕರೀತಿದ್ರಿ?”