ಗಿರಣಿಗೆ ಹೋದ ಹಿಟ್ಟು

ನನ್ನ ಟ್ರಂಕಿನೊಳಗೆ, ಮದುವೆಯ ಇಳಕಲ್ ಸೀರೆಯ ಕೆಳಗೆ, ಎರಡು ತಿಂಗಳು ಒಂದು ಜೋಳದ ಹಿಟ್ಟಿನ ಪ್ಯಾಕೆಟ್ ಅಡಗಿ ಕೂತಿತ್ತು. ಬಂಗಾರವಿದ್ದಿದ್ದರೂ ಅಷ್ಟು ಒಳಗೆ ಇಡುತ್ತಿರಲಿಲ್ಲ. ಆಳಂದದಲ್ಲಿ ಹುಟ್ಟಿ, ಆಳಂದದಲ್ಲೇ ಮುದುಕಿಯಾದವಳು ಅಂಗಡಿಯ ಹಿಟ್ಟು ತಂದಳೆಂದು ಗೊತ್ತಾದರೆ ನಮ್ಮ ಓಣಿಯಲ್ಲಿ ತಲೆಯ ಮೇಲಿನ ಸೆರಗು ಮುಖಕ್ಕೆ ಇಳಿಯಬೇಕಾಗುತ್ತದೆ.

ತಂದದ್ದು ಯಾಕೆ ಎಂದರೆ, ತಂಪಿಗಾಗಿ. ದೊಡ್ಡ ರಸ್ತೆಗೆ ಒಂದು ಹೊಸ ಅಂಗಡಿಯಾಗಿದೆ. ಬಾಗಿಲ ಮುಂದೆ ನಿಂತರೆ ಸಾಕು, ಅದು ತಾನೇ ತೆರೆದುಕೊಳ್ಳುತ್ತದೆ. ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಕಂಡು ಇಷ್ಟು ಬೇಗ ಬಾಗಿಲು ತೆರೆದದ್ದು. ಹೊರಗೆ ನಮ್ಮ ಕಡೆಯ ಬೇಸಿಗೆ, ಒಳಗೆ ಮಾಘ ಮಾಸ. ಅರ್ಧ ತಾಸು ಅಡ್ಡಾಡಿದೆ. ಪುಕ್ಕಟೆ ತಂಪು ತಿಂದು ಹೊರಡಲು ನಾಚಿಕೆಯಾಗಿ, ಕೈಗೆ ಸಿಕ್ಕದ್ದೊಂದನ್ನು ಎತ್ತಿಕೊಂಡೆ. ಅದು ಹಿಟ್ಟು.

ಸೊಸೆ ಸವಿತಾ ತವರಿಗೆ ಹೋದ ದಿನ ಕದ್ದು ರೊಟ್ಟಿ ಬಡಿದೆ. ಎಂದೋ ಬೀಸಿದ ಹಿಟ್ಟಿಗೆ ಜಿಗಿ, ಅಂಟು ಇರುವುದಿಲ್ಲ ಎಂದು ಎಷ್ಟು ಸೊಸೆಯಂದಿರಿಗೆ ಉಪದೇಶ ಮಾಡಿದವಳು ನಾನು! ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ಮೂರು ಹೋಳಾಯಿತು: ಒಂದು ಆಳಂದ, ಒಂದು ಅಫಜಲಪುರ, ಒಂದು ಜೇವರ್ಗಿ. ಮೂರೂ ತಾಲೂಕುಗಳನ್ನು ಸುಟ್ಟು ತಿಂದು, ಉಳಿದ ಪ್ಯಾಕೆಟ್ಟನ್ನು ಟ್ರಂಕಿಗೆ ಸೇರಿಸಿದೆ. ಚೆಲ್ಲಲು ಮನಸ್ಸಿಲ್ಲ, ತಿನ್ನಲು ಹಲ್ಲಿಲ್ಲ.

ನಮ್ಮ ಓಣಿಯ ಕೊನೆಗೆ ಚಾಂದಸಾಬನ ಹಿಟ್ಟಿನ ಗಿರಣಿ ಇದೆ. ಅವನ ರೆಪ್ಪೆಗಳು ಹುಟ್ಟಿನಿಂದಲೇ ಬೆಳ್ಳಗಿವೆಯೇನೋ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಒಮ್ಮೆ ರಮಜಾನ್ ಹಬ್ಬದ ದಿನ ಸ್ನಾನ ಮಾಡಿ ಸುರಕುಂಬಾ ಪಾಯಸ ತಂದುಕೊಟ್ಟಾಗ ಗುರುತೇ ಸಿಗಲಿಲ್ಲ. ಡಬ್ಬಿ ತಂದವರು ಯಾರೇ ಇರಲಿ, ಅವನು ಮೊಣಕೈತನಕ ಕೈ ಇಳಿಸಿ ಕಾಳನ್ನು ತಳದಿಂದ ಮೇಲೆತ್ತಿ ನೋಡುತ್ತಾನೆ. "ಇದು ಹಿರೋಳ್ಳಿ ಊರಿನ ಜ್ವಾಳ. ಇನ್ನೊಂದ್ ಬಿಸಲ ಬೇಕಾಗಿತ್ತ ನೋಡ್ರಿ" ಅನ್ನುತ್ತಾನೆ. ಡಾಕ್ಟರು ನಾಡಿ ಹಿಡಿದಂತೆ.

ಈ ಗಿರಣಿಗೆ ಹೋಗುವ ದಾರಿಗೆ ಅಡ್ಡವಾಗಿ ಒಂದು ಗಟಾರು. ಅದರ ಮೇಲಿನ ಫರಸಿ ಕಲ್ಲು ಹೋದ ಮಳೆಗಾಲದಲ್ಲಿ ಮುರಿದು ಒಳಗೆ ಬಿತ್ತು. ಯಾರಾದರೂ ಬಂದು ಹಾಕುತ್ತಾರೆ ಎಂದು ಓಣಿಯವರೆಲ್ಲ ಕಾದೆವು. ಈ 'ಯಾರಾದರೂ' ಎಂಬ ಮನುಷ್ಯನನ್ನು ನಾನು ಬಾಲ್ಯದಿಂದ ಕಾಯುತ್ತಿದ್ದೇನೆ. ಒಳ್ಳೆಯವನಿರಬೇಕು, ಎಲ್ಲ ಕೆಲಸವನ್ನೂ ಅವನಿಗೇ ಬಿಟ್ಟಿರುತ್ತಾರೆ. ನಮ್ಮ ಓಣಿಗೆ ಮಾತ್ರ ಇನ್ನೂ ಬಂದಿಲ್ಲ.

ಒಂದು ದಿನ ಸವಿತಾ ಸುದ್ದಿ ತಂದಳು.

"ಅತ್ತಿ, ಚಾಂದಸಾಬ ಗಿರಣಿ ಮಾರ್ತಾನಂತ್ರಿ. ಜೇವರ್ಗಿ ಮಂದಿ ಬಂದು ಮಷೀನ ನೋಡಿ ಹೋಗ್ಯಾರ. ಸೋಮವಾರ ಗಾಡಿ ತರ್ತಾರಂತ."

ಕೇಳಿದ್ದೇ ಗಿರಣಿಗೆ ಹೋದೆ. ಗಟಾರು ದಾಟುವಾಗ ಗೋಡೆ ಹಿಡಿದು, ಶಿವನನ್ನೂ ಹಿಡಿದೆ.

"ಯಾಕೋ ಚಾಂದಸಾಬ, ಖರೇನೇನು?"

"ಮತ್ತೇನ್ ಮಾಡ್ಲಿರಿ ಆಯಿ? ಕಲ್ಲ ತಿರಗಾಕ ಕಾಳ ಬೇಕಲ್ರಿ. ಮಂದಿ ಬರಂಗಿಲ್ಲ. ಎಲ್ಲಾರೂ ಪಾಕೀಟ ತರಾಕತ್ತಾರ."

"ಯಾರ್ ತರಾಕತ್ತಾರ? ಹೆಸರ್ ಹೇಳು, ನಾ ನೋಡ್ಕೊಂತೀನಿ!" ಎಂದು ಗುಡುಗಿದೆ. ಟ್ರಂಕು ನೆನಪಾಗಿ ತಕ್ಷಣ ಕೆಮ್ಮು ಬಂತು.

ಮನೆಗೆ ಬಂದು ಫೋನ್ ಎತ್ತಿಕೊಂಡೆ. ಸವಿತಾ ಆಗಷ್ಟೇ ನನಗೆ ಟೈಪ್ ಮಾಡಲು ಕಲಿಸಿದ್ದಳು. ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದಂತೆ, ಮಧ್ಯಾಹ್ನವಿಡೀ ಹೆಕ್ಕಿ ಓಣಿಯ ಗ್ರೂಪಿಗೆ ಹಾಕಿದೆ: "ಚಾಂದಸಾಬನ ಗಿರಣಿ ಉಳಿಯಬೇಕು. ಭಾನುವಾರ ಮುಂಜಾನೆ ಎಲ್ಲರೂ ಕಾಳು ತಗೊಂಡು ಬರ್ರಿ. ಪ್ಯಾಕೆಟ್ ತರುವವರಿಗೆ ನಾಚಿಕೆ ಇರಲಿ." ಕೊನೆಯ ಮಾತು ಬರೆಯುವ ಮೊದಲು ಎದ್ದು ಹೋಗಿ ಟ್ರಂಕಿಗೆ ಬೀಗ ಹಾಕಿ ಬಂದೆ. ಕೂಡಲೇ ಸಾಲು ಸಾಲು ಹೆಬ್ಬೆಟ್ಟು ಬಂದವು. ನಮ್ಮವ್ವ ಓದು ಬರದೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಈಗ ಕಾಲೇಜು ಕಲಿತವರೆಲ್ಲ ಅದನ್ನೇ ಒತ್ತುತ್ತಾರೆ. ಓಣಿಯಲ್ಲಿ ಅಕ್ಷರ ಬರೆದವಳು ನಾನೊಬ್ಬಳೇ.

ಭಾನುವಾರ ಇಡೀ ಓಣಿ ಬಂತು. ಸವಿತಾಳೂ ತನ್ನದೊಂದು ಬೇರೆ ಡಬ್ಬಿ ಹೊತ್ತು ಬಂದಳು. ಗಿರಣಿಯ ಸಾಲಿಗೆ ಒಂದು ಶಾಸ್ತ್ರವಿದೆ. ಇಲ್ಲಿ ಯಾರ ಡಬ್ಬಿ ಯಾರ ಡಬ್ಬಿಗೆ ತಾಗಿದರೂ ಕೇಳುವವರಿಲ್ಲ. ಕುಲ, ಗೋತ್ರ ನೋಡುವುದು ಕಾಳಿಗೆ ಮಾತ್ರ. ಜೋಳದ ಹಿಂದೆ ಜೋಳ, ಗೋಧಿಯ ಹಿಂದೆ ಗೋಧಿ. ಹಿಂದಿನವರ ಹಿಟ್ಟು ಕಲ್ಲಿನಲ್ಲಿ ಒಂದಿಷ್ಟು ಉಳಿದು ಮುಂದಿನವರ ಡಬ್ಬಿಗೆ ಬೀಳುತ್ತದಲ್ಲ, ಅದಕ್ಕೆ. ಅಂಥದ್ದರಲ್ಲಿ ಪಕ್ಕದ ಮನೆಯ ಶರಣಮ್ಮ ಗೋಧಿ ತಂದು ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ಏ ಶರಣಮ್ಮ, ಹಿಂದ ಸರಿ ಬೇ. ನಿನ್ನ ಗೋಧಿ ಕೂಡಿದ್ರ ನನ್ನ ರೊಟ್ಟಿ ಚಪಾತಿ ಆಗ್ತದ."

"ಆಗ್ಲಿ ಬಿಡ್ರಿ ಆಯಿ, ಹಲ್ಲಿಲ್ದ ಬಾಯಿಗಿ ಮೆತ್ತಗ ಆಗ್ತದ. ಮೊಬೈಲನ್ಯಾಗ ಬರ್ರಿ ಅಂತ ಕರ್ದು, ಈಗ ಸರಿ ಅಂತೀರಿ?"

ಜಗಳಕ್ಕೆ ಬಣ್ಣ ಏರುವಷ್ಟರಲ್ಲಿ ಕರೆಂಟು ಹೋಯಿತು. ಮಷೀನು ನಿಂತಿತು. ಚಾಂದಸಾಬ ಮುಖ ಕೆಳಗೆ ಹಾಕಿ ಕೂತ. ನಾಳೆಯೇ ಸೋಮವಾರ. "ನಾ ಆಮ್ಯಾಲ ಬರ್ತೀನ್ರಿ" ಎಂದು ಶರಣಮ್ಮ ಡಬ್ಬಿ ಹೊತ್ತು ಹೊರಟಳು. ಗಟಾರು ದಾಟುವಾಗ ಕಾಲು ಜಾರಿತು. ಡಬ್ಬಿಯನ್ನು ಹೇಗೋ ಉಳಿಸಿಕೊಂಡಳು. ಒಂದು ಚಪ್ಪಲಿ ಮಾತ್ರ ಗಟಾರಿನಲ್ಲಿ ತೇಲುತ್ತ, ಮದುಮಗಳು ಗಂಡನ ಮನೆಗೆ ಹೊರಟಷ್ಟು ನಿಧಾನವಾಗಿ ಹೋಯಿತು. ಒಂಟಿಕಾಲಲ್ಲಿ ನಿಂತು ಅವಳು ನನ್ನತ್ತ ತಿರುಗಿದಳು.

"ಆಯಿ, ನೀವು ಗಿರಣಿ ಉಳಸ್ತೀರಿ ಖರೆ. ಗಿರಣಿಗಿ ಬರೋ ಮಂದಿನ್ನ ಯಾರ್ ಉಳಸ್ತಾರ್ರಿ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹೌದಲ್ಲ, ನಾನೂ ಎರಡು ತಿಂಗಳು ಸವಿತಾಳ ಕೈಗೆ ಡಬ್ಬಿ ಕೊಟ್ಟು ಗಿರಣಿ ಬಿಟ್ಟದ್ದು, ಪ್ಯಾಕೆಟ್ ಎತ್ತಿಕೊಂಡದ್ದು ಬರೀ ತಂಪಿಗಲ್ಲ. ಡಬ್ಬಿ ಹೊತ್ತು ಈ ಹೊಂಡ ದಾಟುವ ಹೆದರಿಕೆಗೆ. ನಾವು ಪ್ಯಾಕೆಟ್ಟಿಗೆ ಮರುಳಾದವರಲ್ಲ, ಗಟಾರಿಗೆ ಸೋತವರು.

ಕರೆಂಟಿಲ್ಲದ ಮಂದಿಗೆ ಕೆಲಸವೂ ಇಲ್ಲ. "ನಮ್ಮ ಬಚ್ಚಲದಾಗ ಒಂದು ಫರಸಿ ಅದರಿ" ಎಂದು ಶರಣಮ್ಮನೇ ಶುರು ಮಾಡಿದಳು. ಅದು ಬಂತು, ಗಿಡ್ಡವಾಯಿತು. ಇನ್ನೊಬ್ಬರ ಹಿತ್ತಲಿನದು ಬಂತು, ತೆಳ್ಳಗಾಯಿತು. ಅಳತೆಗೆ ಸರಿಹೋಗುವ ಕಲ್ಲು ಓಣಿಯಲ್ಲಿ ಒಂದೇ ಇತ್ತು. ಎಲ್ಲರೂ ಮೆಲ್ಲಗೆ ತಿರುಗಿ ಅದನ್ನೇ ನೋಡಿದರು: ದಿನಾ ಬೆಳಿಗ್ಗೆ ನಾನು ಕೂತು ಇಡೀ ಓಣಿಯ ಹಾಜರಿ ತೆಗೆದುಕೊಳ್ಳುವ ನಮ್ಮ ಕಟ್ಟೆಯ ಹಾಸುಗಲ್ಲು.

"ಅದು ನಮ್ಮ ಮಾವನವರು ಹಾಕಿಸಿದ್ದು," ಎಂದೆ.

"ಅದಕ್ಕ ಗಟ್ಟಿ ಅದರಿ," ಎಂದಳು ಶರಣಮ್ಮ.

ಪ್ಯಾಕೆಟ್ ತರುವವರಿಗೆ ನಾಚಿಕೆ ಇರಲಿ ಎಂದು ಬರೆದವಳು ನಾನೇ ಹೋಗಿ ಕಟ್ಟೆಯ ಮೇಲಿನ ಚಾಪೆ ಎತ್ತಿದೆ. ಗಂಡಸರು ಹಾರೆ ತಂದರು, ಮನೆ ಕಟ್ಟಿಸುತ್ತಿದ್ದವರೊಬ್ಬರು ಬುಟ್ಟಿ ಸಿಮೆಂಟು ಕೊಟ್ಟರು, ಹೆಂಗಸರು ಹೀಗಲ್ಲ ಹಾಗೆ ಎಂದು ಬುದ್ಧಿ ಕೊಟ್ಟರು. ಒಂದು ತಾಸಿನಲ್ಲಿ ಕಲ್ಲು ಕೂತಿತು. ಆ 'ಯಾರಾದರೂ' ಕೊನೆಗೂ ಬಂದಿದ್ದ. ನೋಡಿದರೆ ನಮ್ಮದೇ ಮುಖಗಳು.

ಕರೆಂಟು ಬಂತು. ಗಿರಣಿ ಗುಡುಗುಟ್ಟಿತು. ನನ್ನ ಪಾಳಿ ಬಂದಾಗ ಎದೆಯೂ ಗುಡುಗುಟ್ಟಿತು. ಯಾಕೆಂದರೆ ಆ ದಿನ ನಾನು ಮಹಾ ಜಾಣತನ ಮಾಡಿದ್ದೆ. ಟ್ರಂಕಿನ ಹಿಟ್ಟನ್ನು ಡಬ್ಬಿಯ ತಳಕ್ಕೆ ಸುರಿದು, ಮೇಲೆ ಜೋಳ ತುಂಬಿದ್ದೆ. ಬೀಸಿ ಬಂದರೆ ಹಿಟ್ಟಿನಲ್ಲಿ ಹಿಟ್ಟು, ಯಾರಿಗೆ ಗೊತ್ತಾಗಬೇಕು? ಚಾಂದಸಾಬನ ಕೈ ತಳಕ್ಕಿಳಿಯುತ್ತದೆ ಎಂಬುದನ್ನು ನಲವತ್ತು ವರ್ಷ ನೋಡಿದವಳಿಗೆ ಡಬ್ಬಿ ತುಂಬುವಾಗ ಮರೆತಿತ್ತು.

ಕೈ ಇಳಿಯಿತು. ನಿಂತಿತು. ಮೇಲೆ ಬಂದಾಗ ಮೊಣಕೈತನಕ ಬೆಳ್ಳಗಿತ್ತು. ಅವನು ಕೈ ನೋಡಿದ, ನನ್ನನ್ನು ನೋಡಿದ. ಮಷೀನಿನ ಸದ್ದಿನಲ್ಲಿ ಬಾಗಿ ಕಿವಿಯಲ್ಲಿ ಹೇಳಿದ:

"ಆಯಿ, ಬೀಸಿದ್ದ ಮತ್ತ ಬೀಸಬೇಕೇನ್ರಿ?"

"ಸಣ್ಣಗ ಆಗ್ಲಿ ಅಂತ..." ಎಂದೆ.

"ಆಗ್ಲಿ ಬಿಡ್ರಿ. ಇವತ್ತ ನೀವು ಮೂರನೇದವ್ರು."

ಮರುದಿನ ಜೇವರ್ಗಿಯವರು ಗಾಡಿ ತಂದರು. ಹೊಸ ಕಲ್ಲು ದಾಟಿ ಬಂದು, ಸಾಲು ನೋಡಿ ನಿಂತರು. "ಮಷೀನಿಗಿ ಪುರಸತ್ತಿಲ್ರಿ" ಎಂದು ಚಾಂದಸಾಬ ಚಹಾ ಕುಡಿಸಿ ಕಳಿಸಿದ.

ಈಗ ನನಗೆ ಕೂರಲು ಕಟ್ಟೆಯಿಲ್ಲ. ವಾರಕ್ಕೊಮ್ಮೆ ಡಬ್ಬಿ ಹೊತ್ತು ಹೋಗಿ ಗಿರಣಿಯ ಮೆಟ್ಟಿಲ ಮೇಲೆ ಕೂರುತ್ತೇನೆ. ಮೊದಲು ನಾನು ಆ ಕಲ್ಲಿನ ಮೇಲೆ ಕೂತು ಓಣಿಯನ್ನು ನೋಡುತ್ತಿದ್ದೆ. ಈಗ ಓಣಿಯೇ ಅದರ ಮೇಲೆ ನಡೆದು ನನ್ನತ್ತ ಬರುತ್ತದೆ. ಬರುವ ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆ, ಆ ಇನ್ನಿಬ್ಬರು ಯಾರಿರಬಹುದು ಎಂದು. ನಿನ್ನೆ ಸವಿತಾ ತನ್ನ ಟ್ರಂಕು ಒರೆಸುತ್ತಿದ್ದಳು. ಒದ್ದೆ ಬಟ್ಟೆಯೆಲ್ಲ ಬೆಳ್ಳಗಾಗಿತ್ತು. ನಾನು ಬಟ್ಟೆಯ ಕಡೆ ನೋಡದೆ ಬಕೆಟ್ಟಿಗೆ ಹೊಸ ನೀರು ತಂದು ಹಾಕಿದೆ. ಅವಳೂ ನನ್ನ ಟ್ರಂಕಿನ ಕಡೆ ನೋಡಲಿಲ್ಲ.