ಹೆಸರಿರುವ ಸ್ಪೀಕರು

ಡ್ರೈವಿಂಗ್ ಸ್ಕೂಲಿನ ಮೇಡಂ ದಿನವಿಡೀ ಮಾತಾಡುತ್ತಿದ್ದರು. ಆದರೆ ಆ ಮಾತು ಕ್ಲಚ್ಚು, ಬ್ರೇಕು, ಕನ್ನಡಿ, ನಿಧಾನ ಇಷ್ಟನ್ನು ದಾಟುತ್ತಿರಲಿಲ್ಲ. ಪಕ್ಕದಲ್ಲಿ ಸ್ಟೇರಿಂಗನ್ನು ಅಪ್ಪಿ ಹಿಡಿದು ಕೂತವರಿಗೆ ಜೀವದಲ್ಲಿ ಜೀವ ಇದ್ದರೆ ತಾನೇ ಉತ್ತರ ಕೊಡುವುದು? ಕೈ ಪಳಗಿ, ನಾಲ್ಕು ಮಾತಾಡುವಷ್ಟು ಧೈರ್ಯ ಬರುವ ಹೊತ್ತಿಗೆ ಅವರಿಗೆ ಲೈಸೆನ್ಸ್ ಸಿಕ್ಕಿರುತ್ತಿತ್ತು. ಸಿಕ್ಕಿದವರು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಸ್ಕೂಲಿನ ಕಾರಿನಲ್ಲಿ ರೇಡಿಯೋ ಕೂಡ ಇರಲಿಲ್ಲ. ಕಲಿಯುವವರ ಗಮನ ಚೆದುರುತ್ತದೆಂದು ಮಾಲೀಕರು ಅದನ್ನು ಕೀಳಿಸಿ, ತೂತಿಗೆ ರಟ್ಟು ಅಂಟಿಸಿದ್ದರು.

ಮನೆಯಲ್ಲಿ ಮಾತಿಗೆ ಅಮ್ಮ ಇದ್ದರು. ಹಾಸಿಗೆ ಹಿಡಿದ ಮೇಲೂ ಅವರ ಬಾಯಿ ಸೋತಿರಲಿಲ್ಲ. ಮಗಳು ಚಪ್ಪಲಿ ಬಿಡುವ ಸದ್ದಾದರೆ ಸಾಕು, ಒಳಗಿನಿಂದ ವಿಚಾರಣೆ ಶುರು. ಅವರು ತೀರಿಕೊಂಡ ಮೇಲೆ ಮೂರನೇ ಮಹಡಿಯ ಆ ಎರಡು ಕೋಣೆಗಳಲ್ಲಿ ಫ್ರಿಜ್ಜಿನ ಗೊರಗೊರ ಒಂದೇ ಉಳಿಯಿತು. ಮೇಡಂ ಮದುವೆಯಾಗಿರಲಿಲ್ಲ. ತಂಗಿಯ ಸಂಸಾರ ಬೇರೆ ಊರಲ್ಲಿತ್ತು. ಊರಿಗೆಲ್ಲ ಕಾರು ಕಲಿಸಿದವರಿಗೆ ಸ್ವಂತದ್ದೊಂದು ಇರಲಿಲ್ಲ. ಅಮ್ಮ ಹೋಗಿ ವರ್ಷ ತುಂಬುತ್ತಿದ್ದಂತೆ, ಈಗಲಾದರೂ ಕೊಳ್ಳೋಣ ಅನ್ನಿಸಿತು.

ಶೋರೂಮಿನಲ್ಲಿ ಒಂದೇ ಕಾರಿನಲ್ಲಿ ಎರಡು ಬಗೆ ಇದ್ದವು. ಒಂದು ಸಾದಾ. ಇನ್ನೊಂದರ ಬಾಗಿಲಿನ ಸ್ಪೀಕರುಗಳ ಮೇಲೆ ದೊಡ್ಡ ಕಂಪನಿಯ ಹೆಸರು ಕೆತ್ತಿತ್ತು. ಉಳಿದದ್ದೆಲ್ಲ ಅದೇ, ಬೆಲೆ ಮಾತ್ರ ಮೇಲೆ. ತಂಗಿಯ ಗಂಡ ಫೋನಿನಲ್ಲಿ ನಕ್ಕು, ಅದು ಬರೀ ಹೆಸರಿಗೆ ಸುರಿಯುವ ದುಡ್ಡು, ಹೊರಗೆ ಹಾಕಿಸಿದರೆ ಅರ್ಧಕ್ಕೆ ಮುಗಿಯುತ್ತದೆ ಅಂದಿದ್ದರು. ಮೇಡಂಗೂ ಹಾಗೇ ಅನ್ನಿಸಿತ್ತು. ಸೇಲ್ಸಿನವನು ಎರಡರಲ್ಲೂ ಒಂದೇ ಹಾಡು ಹಾಕಿ ತೋರಿಸಿದ. ದುಬಾರಿಯದರಲ್ಲಿ ಸದ್ದು ಜಾಸ್ತಿ ಇಟ್ಟು ಮಂಕುಬೂದಿ ಎರಚುತ್ತಿದ್ದಾನೆಂದು ಗುಮಾನಿಯಾಗಿ, ಮೇಡಂ ತಾವೇ ಗುಂಡಿ ತಿರುಗಿಸಿ ಎರಡನ್ನೂ ಸಮಕ್ಕೆ ತಂದರು. ಆಗ ಕೇಳಿಸಿತು. ಪಲ್ಲವಿ ಎತ್ತಿಕೊಳ್ಳುವ ಮುಂಚೆ ಹಾಡುವಾಕೆ ಒಂದು ಉಸಿರು ಎಳೆದುಕೊಂಡಳು. ಸಾದಾ ಕಾರಿನಲ್ಲಿ ಆ ಉಸಿರು ಇರಲಿಲ್ಲ. ಪಕ್ಕದಲ್ಲಿ ಕೂತ ಯಾರೋ ಏನೋ ಹೇಳಲು ಹೊರಟಂತಿತ್ತು. ಮೇಡಂ ತಮಗೆ ಗೊತ್ತಿಲ್ಲದೆಯೇ ಖಾಲಿ ಸೀಟಿನ ಕಡೆ ತಿರುಗಿದರು.

"ಇದೇ ಇರ್ಲಿ," ಅಂದರು.

ರಸ್ತೆಗಿಳಿದ ಮೊದಲ ದಿನವೇ ಮನಸ್ಸು ಪೆಚ್ಚಾಯಿತು. ಚಕ್ರದ ಸದ್ದು, ಏಸಿಯ ಸದ್ದು, ಪಕ್ಕದ ಲಾರಿಯ ಸದ್ದು ಸೇರಿ ಆ ಉಸಿರನ್ನು ನುಂಗಿಹಾಕಿದವು. ಹಾಡು ಹಾಡಾಗಿತ್ತು, ಅಷ್ಟೇ. ಮನೆಗೆ ಬಂದು, ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದಾಗ ಮಾತ್ರ ಅದು ವಾಪಸು ಬಂತು. ಅಂದಿನಿಂದ ಸಂಜೆ ಕೆಲಸ ಮುಗಿಸಿ ಬಂದವರು ಮೇಲೆ ಹೋಗದೆ ನಿಂತ ಕಾರಿನಲ್ಲೇ ಕೂರತೊಡಗಿದರು. ಬೇಳೆ ನೆನೆಹಾಕುವುದೂ ಮರೆತುಹೋಗುತ್ತಿತ್ತು.

ಒಂದು ಬೆಳಿಗ್ಗೆ ಗಾಡಿ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಇಳಿದಿತ್ತು. ಕೆಳಗಿನ ಮನೆಯ ಟ್ಯಾಕ್ಸಿಯವನು ತನ್ನ ಗಾಡಿಯಿಂದ ಕೇಬಲ್ ಎಳೆದು ಚಾಲೂ ಮಾಡಿಕೊಟ್ಟ. ಮೇಡಂ ಸಂಕೋಚದಿಂದ ಕಾರಣ ಹೇಳಿ, ಅವನನ್ನೂ ಕೂರಿಸಿ ಹಾಡು ಕೇಳಿಸಿದರು. ಅವನು ಕಣ್ಣು ಮುಚ್ಚಿ ಕೇಳಿದ.

"ನಂಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಅಕ್ಕ. ದಿನಾ ಹಿಂದಿನ ಸೀಟಿನವರ ಮಾತು ಕೇಳಿ ಕೇಳಿ ಕಿವಿ ಸವೆದಿದೆ," ಅಂದ. ಆಮೇಲೆ ಬಾನೆಟ್ ಮುಚ್ಚುತ್ತಾ, "ಗಾಡಿ ನಿಲ್ಸಿಡ್ಬೇಡಿ. ಎಲ್ಲಿಗಾದ್ರೂ ಹೋಗ್ತಿರಿ," ಅಂದ.

ಎಲ್ಲಿಗೆ? ಯೋಚಿಸಿ ಯೋಚಿಸಿ, ಭಾನುವಾರ ತಂಗಿಯ ಊರಿಗೆ ಹೊರಟರು. ಹೇಳದೆ ಹೋದರೆ ಖುಷಿಪಡುತ್ತಾಳೆ ಅಂದುಕೊಂಡಿದ್ದರು. ಅಲ್ಲಿ ಎಲ್ಲರೂ ಸಿನಿಮಾಕ್ಕೆ ತಯಾರಾಗಿ ನಿಂತಿದ್ದರು. ತಂಗಿ ಗಡಿಬಿಡಿಯಲ್ಲಿ ಟೀ ಕಾಸಿ, ತಾನು ಕೂರದೆ ಎದುರಿಗೇ ನಿಂತಿದ್ದಳು. ತಂಗಿಯ ಗಂಡ ಬೀದಿಗೆ ಬಂದು, ಬಾಗಿಲು ತೆರೆದಿಟ್ಟುಕೊಂಡೇ ಅರ್ಧ ಹಾಡು ಕೇಳಿ, ಸ್ಪೀಕರಿನ ಮೇಲಿನ ಹೆಸರನ್ನು ಬೆರಳಿನಿಂದ ತಟ್ಟಿ, ಚೆನ್ನಾಗಿದೆ, ಆದರೆ ಇಷ್ಟಕ್ಕೆ ಅಷ್ಟು ದುಡ್ಡಾ ಅಂದರು.

"ಮುಂದಿನ ಸಲ ಫೋನ್ ಮಾಡ್ಕೊಂಡು ಬಾ ಅಕ್ಕ," ಅಂದಳು ತಂಗಿ, ಕಿಟಕಿಗೆ ಬಗ್ಗಿ.

ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ವಾಪಸು ಬರುವಾಗ ಮೇಡಂ ಹೆದ್ದಾರಿಯ ಪಕ್ಕದ ಮರದಡಿ ನಿಲ್ಲಿಸಿ, ಗಾಜು ಏರಿಸಿ, ಹಾಡು ಹಾಕಿಕೊಂಡರು. ಲಾರಿಗಳು ಹಾಯುವಾಗೆಲ್ಲ ಕಾರು ಅಲುಗುತ್ತಿತ್ತು. ಅಮ್ಮ ಹೋದ ಮೇಲೆ ಮೊದಲ ಸಲ ಅತ್ತರು. ಅತ್ತು, ಮುಖ ಒರೆಸಿಕೊಂಡು, ಕತ್ತಲಾಗುವುದರೊಳಗೆ ಮನೆ ಸೇರಿದರು.

ಈಗಲೂ ಪ್ರತಿ ಭಾನುವಾರ ಬ್ಯಾಟರಿಯ ಹೆಸರು ಹೇಳಿಕೊಂಡು ಎಲ್ಲಿಗಾದರೂ ಹೋಗಿ ಬರುತ್ತಾರೆ. ತಂಗಿಗೆ ಕೆಲವು ಸಲ ಫೋನ್ ಮಾಡುತ್ತಾರೆ. ಕೆಲವು ಸಲ ಅವಳು ಮನೆಯಲ್ಲಿರುತ್ತಾಳೆ.

ಮೊನ್ನೆ ಒಬ್ಬ ನರ್ಸು ಟೆಸ್ಟ್ ಪಾಸಾದಳು. ಹಿಂತಿರುಗುವಾಗ ಸ್ಕೂಲಿನ ಕಾರು ಓಡಿಸುತ್ತಾ, ನಾವೂ ಒಂದು ಕಾರು ನೋಡುತ್ತಿದ್ದೇವೆ, ಆ ಹೆಸರಿರುವ ಸ್ಪೀಕರು ತೆಗೆದುಕೊಳ್ಳಬಹುದಾ ಎಂದು ಕೇಳಿದಳು.

"ಮನೇಲಿ ಎಷ್ಟು ಜನ ನೀವು?"

"ನಾನು, ನಮ್ಮನೆಯವರು, ಅತ್ತೆ, ಇಬ್ರು ಮಕ್ಕಳು."

"ಹಾಗಾದ್ರೆ ಸಾದಾದೇ ಸಾಕು. ಓಡೋ ಗಾಡೀಲಿ ಏನೂ ಗೊತ್ತಾಗಲ್ಲ. ಅಷ್ಟು ಜನ ಇದ್ರಂತೂ ಕೇಳೋಕೆ ಪುರುಸೊತ್ತೆಲ್ಲಿರುತ್ತೆ?"

"ನಿಮ್ದು ಯಾವ್ದು ಮೇಡಂ?"

"ದುಬಾರೀದು," ಅಂದರು ಮೇಡಂ.

ಮೇಡಂ ಇನ್ನೇನೋ ಹೇಳುತ್ತಾರೆಂದು ನರ್ಸು ಕಾದಳು. ಅಷ್ಟರಲ್ಲಿ ಆಸ್ಪತ್ರೆಯ ಗೇಟು ಬಂತು. ಗಾಡಿಯನ್ನು ಓರಣವಾಗಿ ಬದಿಗೆ ನಿಲ್ಲಿಸಿ, ಡ್ಯೂಟಿಗೆ ಹೊತ್ತಾಯಿತೆಂದು ಓಡಿದಳು. ಮೇಡಂ ಇಳಿದು, ಬಳಸಿಕೊಂಡು ಬಂದು ಅವಳ ಜಾಗದಲ್ಲಿ ಕೂತರು. ಅವಳು ಕುಳ್ಳಿ. ಸೀಟನ್ನು ಹಿಂದಕ್ಕೆ ತಳ್ಳಿ, ಮುಂದಿನ ಪಾಠದವರನ್ನು ಹತ್ತಿಸಿಕೊಳ್ಳಲು ಹೊರಟರು.