ಬಿಳಿ ಮಚ್ಚೆಯ ಬಿಲ್ಲುಗಾರ್ತಿ

ಆ ಆಟದಲ್ಲಿ ಕತ್ತಿ ಹಿಡಿಯುವುದಕ್ಕೆ ಮೊದಲು ಮುಖ ಮಾಡಿಕೊಳ್ಳಬೇಕಿತ್ತು. ಇಂಟರ್ನೆಟ್ಟಿನಲ್ಲಿ ಆಡುವ ಆಟ. ಎಲ್ಲೆಲ್ಲಿಯವರೋ ಸಾವಿರಾರು ಜನ ಒಂದೇ ಕಾಡಿನಲ್ಲಿ ಓಡಾಡಿ ರಾಕ್ಷಸರನ್ನು ಕೊಲ್ಲುವುದು. ಒಳಗೆ ಹೋಗಬೇಕೆಂದರೆ ನಿಮ್ಮದೇ ಒಂದು ಪಾತ್ರ ಬೇಕು. ಕುಲ ಆರಿಸಬೇಕು, ಮೈಕಟ್ಟು ಆರಿಸಬೇಕು, ಆಮೇಲೆ ಮುಖ. ಮೂಗಿನ ಉದ್ದಕ್ಕೊಂದು ಪಟ್ಟಿ, ದವಡೆಗೊಂದು ಪಟ್ಟಿ, ಕಣ್ಣುಗಳ ನಡುವಿನ ಅಂತರಕ್ಕೊಂದು ಪಟ್ಟಿ. ಮೌಸಿನಿಂದ ಎಳೆದ ಹಾಗೆಲ್ಲ ಮುಖ ಬದಲಾಗುತ್ತಿತ್ತು. ನಮ್ಮನ್ನು ಹುಟ್ಟಿಸಿದವನು ಇದರಲ್ಲಿ ಕಾಲು ಭಾಗ ತಾಳ್ಮೆ ತೋರಿಸಿದ್ದರೂ ಸಾಕಿತ್ತು ಅಂತ ನನಗೆ ಅನ್ನಿಸಿತ್ತು.

ಸಿ.ಡಿ. ಕೊಟ್ಟವನು ನನ್ನ ಭಾವ, ಅಂದರೆ ಸೋದರತ್ತೆಯ ಮಗ. ಅಪ್ಪ ತುಮಕೂರು ಕಡೆಯವರು, ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ನಾವಿದ್ದದ್ದು ಎಂವಿಪಿ ಕಾಲೋನಿಯ ಫ್ಲಾಟಿನಲ್ಲಿ. ಅಪ್ಪನ ತಂಗಿ ತೆಲುಗರ ಮನೆ ಸೇರಿ ವಿಜಯವಾಡದ ಪಟಮಟದಲ್ಲಿದ್ದರು. ನನ್ನ ನಾಮಕರಣದ ದಿನ ಅತ್ತೆ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು, ಇವಳು ನಮ್ಮನೆ ಸೊಸೆ ಅಂತ ಎಲ್ಲರೆದುರಿಗೆ ಹೇಳಿದ್ದರಂತೆ. ನಾನು ದೊಡ್ಡವಳಾದಾಗ ಲಂಗ ದಾವಣಿ ತಂದು ಉಡಿಸಿದವರೂ ಅವರೇ. ಅಣ್ಣನ ಮಗಳನ್ನು ತಂಗಿಯ ಮಗನಿಗೆ ತಂದುಕೊಳ್ಳುವುದು ನಮ್ಮಲ್ಲೂ ಉಂಟು, ತೆಲುಗರಲ್ಲೂ ಉಂಟು. ಹಾಗಾಗಿ ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಹೂಂ ಅನ್ನುತ್ತಿದ್ದೆ, ಭಾವ ಎಂದರೆ ನನಗೆ ಅಷ್ಟು ಇಷ್ಟ.

ಕಾಲೇಜು ಸೇರಿದ ವರ್ಷ ನನ್ನ ಎಡಗಣ್ಣಿನ ಪಕ್ಕದಲ್ಲಿ ಬಿಳಿ ಬಂತು. ಮೊದಲು ಅಮ್ಮ ಅದನ್ನು ಪೌಡರು ಅಂದುಕೊಂಡು ಸೆರಗಿನಿಂದ ಒರೆಸಿದರು. ಹೋಗಲಿಲ್ಲ. ಆಮೇಲೆ ಅದು ಕೆನ್ನೆಗೆ ಇಳಿಯಿತು, ಕಾದ ಹಂಚಿನ ಮೇಲೆ ತೆಳುವಾದ ಹಿಟ್ಟು ಹರಡಿದ ಹಾಗೆ ಅಂಚು ಅಂಚಾಗಿ. ಬೆರಳ ತುದಿಗಳೂ ಬೆಳ್ಳಗಾದವು. ಡಾಕ್ಟರು ಎಣ್ಣೆ ಕೊಟ್ಟು, ಬಿಸಿಲಲ್ಲಿ ಕೂರು ಅಂದರು. ನಾನು ಟೆರೇಸಿನ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಕೂತು ಮುಖ ಸುಟ್ಟುಕೊಂಡೆ. ಸುಟ್ಟ ಜಾಗ ಕೆಂಪಾಗಿ, ಸಿಪ್ಪೆ ಎದ್ದು, ಕೆಳಗಿನಿಂದ ಮತ್ತೆ ಅದೇ ಬಿಳಿ ನಗುತ್ತಿತ್ತು.

ಅತ್ತೆ ಫೋನು ಮಾಡಿ ಅಮ್ಮನನ್ನು ವಿಚಾರಿಸಿಕೊಂಡರು.

‘ಮೀನು ತಿಂದ ಮೇಲೆ ಹಾಲು ಕುಡಿಸಿದ್ದೀರಾ ಅತ್ತಿಗೆ? ನಿಮ್ಮ ತವರಿನ ಕಡೆ ಯಾರಿಗಾದ್ರೂ ಐತಾ?’

‘ನನ್ನ ತವರಿನಲ್ಲಿ ಕಪ್ಪು ಬಿಟ್ರೆ ಬೇರೆ ಬಣ್ಣವೇ ಇಲ್ಲ,’ ಅಂದರು ಅಮ್ಮ. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟರು.

ಅತ್ತೆ ಸಂಬಂಧ ಬೇಡ ಅನ್ನಲಿಲ್ಲ. ತಾನಾಗಿ ಕೇಳಿದ ಹೆಣ್ಣನ್ನು ತಾನೇ ಬೇಡ ಅಂದರೆ ತವರಿನ ಬಾಗಿಲು ಮುಚ್ಚುತ್ತದೆ. ವರ್ಷ ವರ್ಷ ಅಣ್ಣ ತಂದುಕೊಡುವ ಬಾಗಿನ, ಸೀರೆ, ಮರ್ಯಾದೆ ಎಲ್ಲ ನಿಲ್ಲುತ್ತದೆ. ಅಣ್ಣನೇ ಹಿಂದೆ ಸರಿಯಬೇಕು, ಅದೂ ತಂಗಿಯ ಬಾಯಿಂದ ಒಂದು ಮಾತೂ ಹೊರಡದೆ. ಇಷ್ಟನ್ನು ಅಮ್ಮ ಮೊದಲ ದಿನವೇ ಕಂಡುಕೊಂಡರು. ಅಪ್ಪನಿಗೆ ಮಾತ್ರ ಕೊನೆಯವರೆಗೂ ಹೊಳೆಯಲಿಲ್ಲ.

ನನಗೂ ಅತ್ತೆಯ ಲೆಕ್ಕಾಚಾರ ಬೇಕಿರಲಿಲ್ಲ. ಭಾವ ಏನು ಅನ್ನುತ್ತಾನೆ, ಅದೊಂದೇ ಬೇಕಾಗಿದ್ದದ್ದು. ಅವನು ಏನೂ ಅನ್ನುತ್ತಿರಲಿಲ್ಲ. ದಸರಾ ರಜೆಗೆ ವೈಜಾಗಿಗೆ ಬಂದಾಗ ಟಿ.ವಿ. ನೋಡಿಕೊಂಡು ಮಾತಾಡಿದ, ತಟ್ಟೆ ನೋಡಿಕೊಂಡು ಮಾತಾಡಿದ, ಬೀಚಿಗೆ ಹೋದಾಗ ಸಮುದ್ರ ನೋಡಿಕೊಂಡು ಮಾತಾಡಿದ. ಹೊರಡುವಾಗ ಆ ಸಿ.ಡಿ. ಟೇಬಲ್ಲಿನ ಮೇಲಿಟ್ಟು, ‘ಆಡು, ಟೈಂ ಪಾಸ್ ಆಗುತ್ತೆ. ಹುಡುಗೀರೆಲ್ಲ ಒಂದೇ ಥರ ಬೊಂಬೆ ಮುಖ ಮಾಡ್ಕೊಂತಾರೆ, ನೀನಾದ್ರೂ ಬೇರೆ ಮಾಡು,’ ಅಂದ.

ಸರಿ, ಬೇರೆಯೇ ಮಾಡೋಣ ಅಂದುಕೊಂಡೆ. ಆದರೂ ಮೊದಲು ಮಾಡಿದ್ದು ಬೊಂಬೆಯನ್ನೇ. ಉದ್ದ ಮೂಗು, ಬಾದಾಮಿ ಕಣ್ಣು, ಕಲೆ ಇಲ್ಲದ ಕೆನ್ನೆ. ಅವಳನ್ನು ಕರೆದುಕೊಂಡು ಆಟದ ಊರಿನ ಸಂತೆಗೆ ಹೋದರೆ, ಅಲ್ಲಿ ನಿಂತ ಅರ್ಧ ಜನಕ್ಕೆ ಅದೇ ಮುಖ. ಯಾರೂ ಯಾರನ್ನೂ ತಿರುಗಿ ನೋಡುತ್ತಿರಲಿಲ್ಲ. ನನಗೆ ಸಿಟ್ಟು ಬಂದು ಅವಳನ್ನು ಅಳಿಸಿ ಹಾಕಿದೆ. ಮುಖಕ್ಕೆ ಬಳಿದುಕೊಳ್ಳುವ ಯುದ್ಧದ ಬಣ್ಣ ಅಂತ ಆ ಆಟದಲ್ಲಿ ಒಂದು ಭಾಗವಿತ್ತು. ಹುಲಿ ಪಟ್ಟೆ, ಬಳ್ಳಿ, ಮಿಂಚು, ಹೀಗೆ ಏನೇನೋ ಚಿತ್ರ. ಹರಿದ ಎಲೆಯಂಥ ಒಂದು ಚಿತ್ರ ಆರಿಸಿದೆ, ಬಣ್ಣ ಬಿಳಿ ಮಾಡಿದೆ, ಎಡಗಣ್ಣಿನ ಪಕ್ಕಕ್ಕೆ ಎಳೆದೆ. ಕನ್ನಡಿ ತಂದು ಮಾನಿಟರಿನ ಪಕ್ಕ ನಿಲ್ಲಿಸಿ, ಅಂಚು ಅಂಚು ಕೂಡಿಸಿದೆ. ಬೆರಳಿಗೂ ಬಿಳಿ ಹಚ್ಚಿದೆ. ಕೈಗೆ ಬಿಲ್ಲು ಕೊಟ್ಟೆ. ಮಚ್ಚೆ ಬಂದ ಮೇಲೆ ಅಷ್ಟು ಹೊತ್ತು ನಾನು ಕನ್ನಡಿ ನೋಡಿಕೊಂಡದ್ದು ಅದೇ ಮೊದಲು.

ಭಾವ ನೋಡುತ್ತಾನೆ, ಗುರುತು ಹಿಡಿಯುತ್ತಾನೆ, ನಗುತ್ತಾನೆ, ಆಮೇಲೆ ಏನಾದರೂ ಒಂದು ಮಾತು ಹೇಳುತ್ತಾನೆ. ನನ್ನ ಆಸೆ ಇಷ್ಟೇ.

ಸಂತೆಗೆ ಕಾಲಿಟ್ಟ ಕೂಡಲೇ ಜನ ಮುತ್ತಿಕೊಂಡರು. ಇದು ಎಲ್ಲಿ ಸಿಗುತ್ತದೆ, ದುಡ್ಡು ಕೊಟ್ಟು ಕೊಂಡದ್ದಾ, ಯಾವ ರಾಕ್ಷಸನನ್ನು ಕೊಂದರೆ ಬರುತ್ತದೆ ಅಂತ ಪ್ರಶ್ನೆಯೋ ಪ್ರಶ್ನೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುವ ಹೆಂಗಸರನ್ನು ಕಂಡವಳು ನಾನು. ಇಲ್ಲಿ ನೋಡಿದರೆ ಪಕ್ಕ ನಿಂತು ಫೋಟೋ ಹಿಡಿದುಕೊಳ್ಳುತ್ತಿದ್ದಾರೆ. ಆ ಗುಂಪಿನಲ್ಲೇ ಭಾವನೂ ಬಂದ. ನಿಜದಲ್ಲಿ ಸಣಕಲ, ದಪ್ಪ ಕನ್ನಡಕ. ಆಟದಲ್ಲಿ ಕಂಬದಂಥ ತೋಳಿನ, ಕಬ್ಬಿಣ ತೊಟ್ಟ ಯೋಧ. ಅವನ ಪಾತ್ರದ ಹೆಸರು, ದಸರೆಯಲ್ಲಿ ಅವನೇ ಹೇಳಿದ್ದರಿಂದ, ನನಗೆ ಗೊತ್ತಿತ್ತು. ನನ್ನದು ಅವನಿಗೆ ಗೊತ್ತಿರಲಿಲ್ಲ.

‘ಇಂಥ ಮುಖ ಈ ಸರ್ವರಿನಲ್ಲೇ ನೋಡಿಲ್ಲ. ಹೇಗೆ ಹೊಳೆಯಿತು?’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ತೆಲುಗು ಟೈಪ್ ಮಾಡಿದ.

ನನ್ನನ್ನೇ ಆಟ ಆಡಿಸುತ್ತಿದ್ದಾನೆ ಅಂತ ಖುಷಿಯಾಯಿತು. ಹೊಳೆಯಲಿಲ್ಲ, ಹುಟ್ಟಿತು ಅಂತ ನಾನೂ ತೆಲುಗಿನಲ್ಲೇ ಬರೆದೆ. ಅದಕ್ಕೆ ನಗುಮುಖದ ಚಿತ್ರ ಕಳಿಸಿದ. ಆದರೆ ಮರುದಿನವೂ ಕೇಳಿದ, ಅದರ ಮರುದಿನವೂ ಕೇಳಿದ. ಆಗ ನನಗೆ ಅರ್ಥವಾಯಿತು, ಇವನಿಗೆ ನಿಜವಾಗಿಯೂ ಗೊತ್ತಾಗಿಲ್ಲ. ಹೇಗೆ ಗೊತ್ತಾಗಬೇಕು? ಮಚ್ಚೆ ಬಂದಂದಿನಿಂದ ಅವನು ನನ್ನ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಅದರ ಆಕಾರ ಯಾವುದು, ಯಾವ ಕಣ್ಣಿನ ಪಕ್ಕ, ಒಂದೂ ಅವನಿಗೆ ತಿಳಿಯದು.

ಅಷ್ಟಾದರೂ ಬಿಡಲಿಲ್ಲ ನಾನು. ಕಾಲೇಜಿನಿಂದ ಬಂದು ಕಂಪ್ಯೂಟರಿನ ಮುಂದೆ ಕೂತರೆ ಊಟಕ್ಕೆ ಅಮ್ಮ ಕೂಗುವ ತನಕ ಅವನ ಜೊತೆ ಬೇಟೆ. ಅವನು ಮುಂದೆ ನಿಂತು ಏಟು ತಿನ್ನುತ್ತಿದ್ದ, ನಾನು ಹಿಂದಿನಿಂದ ಬಾಣ ಬಿಡುತ್ತಿದ್ದೆ. ನೀನಿಲ್ಲದೆ ಆಡಲು ಬೇಜಾರು ಅಂದ. ನಿನ್ನ ಮುಖ ನೋಡುತ್ತಾ ಕೂತರೆ ಸಾಕು ಅಂದ. ಒಮ್ಮೆ ಧೈರ್ಯ ಮಾಡಿ, ಮನೆಯಲ್ಲಿ ನಿನಗೆ ಯಾರನ್ನಾದರೂ ಗೊತ್ತು ಮಾಡಿದ್ದಾರಾ ಅಂತ ಕೇಳಿದೆ. ‘ಯಾರೂ ಇಲ್ಲ’ ಅಂತ ಉತ್ತರ ಬಂತು. ನಾಚಿಕೆಗೆ ಹಾಗಂದಿದ್ದಾನೆ ಅಂತ ಸಮಾಧಾನ ಹೇಳಿಕೊಂಡೆ. ಪ್ರೀತಿಸುವವರ ಬುದ್ಧಿ ಮಣ್ಣು ತಿನ್ನುವುದು ಇಂಥಲ್ಲೇ.

ಆಮೇಲೆ ಅವನು ಆ ಮುಖದ ಪಟ್ಟಿಗಳ ಅಳತೆ ಕೇಳಿದ. ತಾನೂ ಅದೇ ಮುಖದ ಎರಡನೆಯ ಪಾತ್ರ ಮಾಡುತ್ತೇನೆ, ಇಬ್ಬರೂ ಅವಳಿಗಳ ಹಾಗೆ ಓಡಾಡೋಣ ಅಂದ. ಒಂದೊಂದಾಗಿ ಎಲ್ಲ ಹೇಳಿಕೊಟ್ಟೆ. ಯೋಧನನ್ನು ಮೂಲೆಗೆ ಕೂರಿಸಿ, ಆ ಹೊಸ ಬಿಲ್ಲುಗಾರ್ತಿಯನ್ನೇ ತಿಂಗಳುಗಟ್ಟಲೆ ಬೆಳೆಸಿದ.

ಬೇಸಿಗೆಯಲ್ಲಿ ಭಾವನ ತಂಗಿಯ ನಿಶ್ಚಿತಾರ್ಥ ಬಂತು. ನಮ್ಮ ಮನೆತನದಲ್ಲಿ ಹೆಣ್ಣಿನ ಅಣ್ಣನಿಗೆ ಯಾರನ್ನು ತರಬೇಕೆಂದಿದೆಯೋ ಅವಳೇ ಗಂಡಿನ ಕಡೆಯವರಿಗೆ ಆರತಿ ಎತ್ತುವುದು. ಆ ತಟ್ಟೆ ಹಿಡಿದವಳೇ ಈ ಮನೆಯ ಮುಂದಿನ ಸೊಸೆ ಅಂತ ಎಲ್ಲರಿಗೂ ತಿಳಿಯುತ್ತದೆ. ಅಪ್ಪ ನನಗೆ ಹೊಸ ಸೀರೆ ತಂದರು. ಅತ್ತೆ ಹಿಂದಿನ ದಿನ ಫೋನು ಮಾಡಿ, ಮುಖಕ್ಕೆ ಏನಾದರೂ ಹಚ್ಚಿ ಕರೆದುಕೊಂಡು ಬನ್ನಿ ಅಂದಿದ್ದರು. ಅಮ್ಮ ಎರಡು ಬಣ್ಣದ ಕ್ರೀಮು ಕಲಸಿ, ಕೆನ್ನೆಯ ಮೇಲೆ ಹಚ್ಚಿ ನೋಡಿ, ಒರೆಸಿ, ಮತ್ತೆ ಕಲಸಿ, ಕೊನೆಗೆ ನನ್ನ ಬಣ್ಣಕ್ಕೆ ಹತ್ತಿರ ಬರುವಂತೆ ಮಾಡಿದರು.

ವಿಜಯವಾಡದ ಬಿಸಿಲು ಅಮ್ಮನ ಕಷ್ಟಕ್ಕೆ ಬೆಲೆ ಕೊಡಲಿಲ್ಲ. ಸ್ಟೇಷನ್ನಿನಿಂದ ಪಟಮಟ ತಲುಪುವಷ್ಟರಲ್ಲಿ ಕ್ರೀಮು ಬೆವರಿನ ಜೊತೆ ಕುತ್ತಿಗೆಗೆ ಇಳಿದಿತ್ತು. ಅತ್ತೆ ಬಾಗಿಲಲ್ಲೇ ನೋಡಿದರು.

ಅತ್ತೆಯ ಮನೆಯಲ್ಲಿ ಕನ್ನಡ ಯಾರೂ ಆಡುತ್ತಿರಲಿಲ್ಲ. ಗಂಡನ ಕಡೆಯವರಿಗೆ ತಿಳಿಯಬಾರದ ಮಾತಿದ್ದಾಗ ಮಾತ್ರ ಅತ್ತೆ ಅದನ್ನು ಹೊರಗೆ ತೆಗೆಯುತ್ತಿದ್ದರು. ಸುತ್ತ ಅವರ ಓರಗಿತ್ತಿಯರು, ನಾದಿನಿಯರು ನಿಂತಿದ್ದರು. ಅತ್ತೆ ನನ್ನ ಗಲ್ಲ ಹಿಡಿದು, ಮುಖದ ತುಂಬ ನಗು ತುಂಬಿಕೊಂಡು, ಬೆಲ್ಲದಂಥ ದನಿಯಲ್ಲಿ ಅಪ್ಪನಿಗೆ ಹೇಳಿದರು:

‘ಅಣ್ಣಯ್ಯ, ಇವಳ್ನ ಒಳಗಡೆ ರೂಮ್‌ನಾಗೆ ಕೂರ್ಸು. ಗಂಡಿನ ಕಡೆಯೋರು ನೋಡಿದ್ರೆ ನಮ್ಮ ವಂಶದಾಗೇ ಐತೆ ಅಂದ್ಕೊಂತಾರೆ. ಆರತಿ ಎದುರುಮನೆ ಹುಡುಗಿ ಎತ್ತುತಾಳೆ, ಬಿಡು. ಕುಂಕುಮದ ಬಟ್ಟಲು ಇವಳು ಮುಟ್ಟದು ಬ್ಯಾಡ.’

ಸೋದರತ್ತೆಯ ಮುದ್ದು ನೋಡಿ ಓರಗಿತ್ತಿಯರು ಮೆಚ್ಚಿ ನಕ್ಕರು. ಒಬ್ಬಾಕೆ ನನ್ನ ತಲೆ ಕೂಡ ಸವರಿದಳು.

ಅಪ್ಪ ಕೈಯಲ್ಲಿದ್ದ ಚೀಲ ಕೆಳಗಿಟ್ಟರು. ಕಾರ್ಖಾನೆಯಲ್ಲಿ ಅವರ ಗದರಿಕೆಗೆ ಜನ ಹೆದರುತ್ತಿದ್ದರು ಅಂತ ಕೇಳಿದ್ದೆ.

‘ಹಂಗಾದ್ರೆ ನಾವು ಅಂದ್ಕೊಂಡಿದ್ದ ಮಾತು?’ ಅಂದರು.

‘ಯಾವ ಮಾತು ಅಣ್ಣಯ್ಯ?’ ಅಂದರು ಅತ್ತೆ, ಅದೇ ನಗುವಿನಲ್ಲಿ.

‘ಏನಿಲ್ಲ ಬಿಡಮ್ಮ,’ ಅಂದರು ಅಪ್ಪ.

ಅತ್ತೆಗೆ ಬೇಕಾಗಿದ್ದದ್ದು ಸಿಕ್ಕಿತು. ಅಮ್ಮ ಚಪ್ಪಲಿ ಬಿಡದೆ ಹೊಸ್ತಿಲ ಹೊರಗೇ ನಿಂತುಬಿಟ್ಟರು. ನನ್ನನ್ನು ಮಾತ್ರ ಯಾರೋ ಕೈ ಹಿಡಿದು ಒಳಗಿನ ಕೋಣೆಗೆ ಬಿಟ್ಟು ಬಂದರು. ಅದು ಭಾವನ ಕೋಣೆ.

ಆದರೂ ಒಳಗೊಳಗೆ ಒಂದು ಹುಚ್ಚು ನಂಬಿಕೆ: ಅತ್ತೆ ಅಂದರೆ ಅತ್ತೆ, ಭಾವ ಅಂದರೆ ಭಾವ. ಅಷ್ಟರಲ್ಲಿ ಅವನೇ ಬಂದ. ಹೊರಗಿನ ನೆಂಟರಿಂದ ತಪ್ಪಿಸಿಕೊಂಡು ಬಂದಿದ್ದ. ನನ್ನ ಕಡೆ ತಿರುಗದೆ ಸೀದಾ ಕಂಪ್ಯೂಟರು ಹಾಕಿದ.

‘ಆ ಗೇಮ್ ಆಡಿದ್ಯಾ? ಇಲ್ಲಾ? ವೇಸ್ಟ್ ಮಾಡ್ಬಿಟ್ಟೆ. ಇದು ಚೂಡು, ನನ್ನ ಕ್ಯಾರೆಕ್ಟರ್. ಸರ್ವರ್ ಮೊತ್ತಂ ಇಂಥ ಫೇಸ್ ಎರಡೇ ಇರೋದು,’ ಅಂದ, ನನ್ನ ಉತ್ತರಕ್ಕೆ ಕಾಯದೆ, ನಮ್ಮ ಜೊತೆ ಮಾತ್ರ ಆಡುವ ತೆಲುಗು ಬೆರೆತ ಕನ್ನಡದಲ್ಲಿ.

ಪರದೆಯ ತುಂಬ ನನ್ನ ಮುಖ. ಎಡಗಣ್ಣು, ಅದರ ಪಕ್ಕದ ಬಿಳಿ, ಕೆನ್ನೆಗೆ ಇಳಿದ ಅಂಚು.

‘ಇನ್ನೊಂದು ಯಾರದು?’

‘ಒಬ್ಳು ಇದ್ದಾಳೆ. ಮಸ್ತ್ ಆಡ್ತಾಳೆ. ಎಷ್ಟು ಚೆನ್ನಾಗೈತೆ ಅಲ್ವಾ?’

ನಾನು ಸೆರಗಿನಿಂದ ಉಳಿದ ಕ್ರೀಮನ್ನೆಲ್ಲ ಉಜ್ಜಿ ತೆಗೆದೆ. ಅವನ ಕೈ ಕೆಳಗಿನಿಂದ ಮೌಸು ಎಳೆದುಕೊಂಡು ಆ ಮುಖವನ್ನು ಇನ್ನೂ ಹತ್ತಿರಕ್ಕೆ ತಂದೆ. ಮಾನಿಟರಿನ ಪಕ್ಕಕ್ಕೆ ನನ್ನ ಮುಖ ಇಟ್ಟೆ.

‘ಭಾವ, ಈ ಕಡೆ ನೋಡು.’

ನೋಡಿದ. ಪರದೆ ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆ ನೋಡಿದ. ಅವನ ಮುಖದಲ್ಲಿದ್ದ ಖುಷಿ ಇಳಿದು, ಬಾಯೊಳಗೆ ಏನೋ ಕಹಿ ಸಿಕ್ಕವನ ಹಾಗಾಯಿತು.

‘ನೀನಾ?’

‘ನಾನೇ.’

ಅವನು ಬೈಯಲಿಲ್ಲ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. ನಾನು ಹಿಡಿದಿದ್ದ ಮೌಸನ್ನು ಹೊಸ ಶರ್ಟಿನ ಅಂಚಿನಿಂದ ಒರೆಸಿದ. ಆ ಆಟದಲ್ಲಿ ಒಮ್ಮೆ ಮಾಡಿದ ಮುಖವನ್ನು ತಿದ್ದಲು ಬರುವುದಿಲ್ಲ. ಬೇಡವೆಂದರೆ ಇಡೀ ಪಾತ್ರವನ್ನೇ ಅಳಿಸಬೇಕು, ಅದೂ ಕೈತಪ್ಪಿ ಆಗದಿರಲಿ ಅಂತ ಪಾತ್ರದ ಹೆಸರನ್ನು ಪೂರ್ತಿ ಟೈಪ್ ಮಾಡಿಸಿಕೊಳ್ಳುತ್ತದೆ. ಅವನು ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡಿದ. ತಿಂಗಳುಗಟ್ಟಲೆ ಬೆಳೆಸಿದ ಬಿಲ್ಲುಗಾರ್ತಿ ಹೋದಳು. ಅಲ್ಲಿ ಅವನ ಯೋಧನೊಬ್ಬನೇ ನಿಂತಿದ್ದ.

‘ನಿಂದೂ ಡಿಲೀಟ್ ಮಾಡ್ಬಿಡು,’ ಅಂದ, ಪರದೆ ನೋಡಿಕೊಂಡು. ‘ನನ್ನ ಫ್ರೆಂಡ್ಸ್‌ಗೆಲ್ಲ ಆ ಫೇಸ್ ತೋರಿಸಿದೀನಿ. ನಿಂದು ಅಂತ ಗೊತ್ತಾದ್ರೆ ನಗ್ತಾರೆ.’

‘ಮಾಡಲ್ಲ,’ ಅಂದೆ.

ಅವನು ಎದ್ದು ಕೈ ತೊಳೆಯಲು ಹೋದ.